ನಗರಸಭೆಯ ಸಭೆಯಲ್ಲಿ ಊರಿನ ಜನರಿಗೂ ಮೈಕ್ ಸಿಗಬೇಕೇ? ಪರ – ವಿರೋಧ

ನಮ್ಮ ಪುರಸಭೆ, ನಗರಸಭೆ, ಮಹಾನಗರ ಪಾಲಿಕೆಗಳ ಸಾಮಾನ್ಯ ಸಭೆ ಗುಟ್ಟಿನ ಸಭೆಯಲ್ಲ. ಊರಿನವರು ಹೋಗಿ ಹಿಂದಿನ ಸಾಲಿನಲ್ಲಿ ಕೂರಬಹುದು. ಆದರೆ ಬಾಯಿ ತೆರೆಯುವಂತಿಲ್ಲ. ಅಲ್ಲಿ ಕೇಳುವವರು ಗೆದ್ದು ಬಂದ ಸದಸ್ಯರು, ಉತ್ತರ ಕೊಡುವವರು ಅಧಿಕಾರಿಗಳು. ಪ್ರತಿ ಸಭೆಯಲ್ಲೂ ಅರ್ಧ ಗಂಟೆ ಜನರಿಗೆ ಮಾತಾಡಲು ಬಿಡಬೇಕು, ಅದನ್ನು ಕಾನೂನಿನಲ್ಲೇ ಬರೆದಿಡಬೇಕು ಎನ್ನುವವರಿದ್ದಾರೆ. ಬೇಡ ಎನ್ನುವವರೂ ಇದ್ದಾರೆ. ಇಲ್ಲಿ ಇಬ್ಬರು ಬರೆದಿದ್ದಾರೆ. ಒಬ್ಬರು ತಮ್ಮ ಊರಿನ ಪುರಸಭೆ ಸಭೆಗಳಿಗೆ ಹೋಗಿ ಕೂರುವವರು. ಇನ್ನೊಬ್ಬರು ಬೇರೊಂದು ಊರಿನಲ್ಲಿ ಒಂದು ಅವಧಿಗೆ ಪುರಸಭೆ ಸದಸ್ಯೆಯಾಗಿದ್ದವರು.

ಪರ: ತೀರ್ಮಾನಕ್ಕೆ ಮೊದಲು ನಮ್ಮ ಮಾತೂ ಕೇಳಲಿ

ಒಂದು ಗ್ರಾಮ ಪಂಚಾಯಿತಿ ಮೇಲ್ದರ್ಜೆಗೇರಿ ಪಟ್ಟಣ ಪಂಚಾಯಿತಿ ಆದರೆ ಊರಿನವರಿಗೆ ಖುಷಿಯಾಗುತ್ತದೆ. ಅನುದಾನ ಜಾಸ್ತಿ ಬರುತ್ತದೆ, ಸೈಟಿನ ಬೆಲೆ ಏರುತ್ತದೆ, ಬೀದಿ ದೀಪ ಬರುತ್ತದೆ ಎಂಬ ಆಸೆ. ಅದೇ ದಿನ ಊರಿನವರ ಕೈಯಿಂದ ಒಂದು ಹಕ್ಕು ಜಾರಿ ಹೋಗಿರುತ್ತದೆ. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಆ ಹಕ್ಕು ಗ್ರಾಮಸಭೆಯದು.

ಗ್ರಾಮಸಭೆ ಎಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ. ಸರ್ಕಾರದ ಮನೆ ಯಾರಿಗೆ ಕೊಡಬೇಕು, ಚರಂಡಿ ಮೊದಲು ಯಾವ ಬೀದಿಗೆ ಆಗಬೇಕು, ಯಾವ ಕೆರೆಯ ಹೂಳು ತೆಗೆಯಬೇಕು, ಎಲ್ಲವೂ ಅಲ್ಲಿಗೆ ಬರಬೇಕು. ಎಷ್ಟೋ ಕಡೆ ಅದು ಕಾಟಾಚಾರಕ್ಕೆ ನಡೆಯುತ್ತದೆ, ಒಪ್ಪುತ್ತೇನೆ. ಆದರೆ ಒಬ್ಬ ಅಜ್ಜಿ ಎದ್ದು ನಿಂತು "ನಮ್ಮ ಬೀದಿಗೆ ನೀರು ಯಾಕೆ ಬರ್ತಿಲ್ಲ?" ಎಂದು ಪಿಡಿಒ ಅವರನ್ನು ಕೇಳಿದರೆ, "ನಿಮಗೆ ಇಲ್ಲಿ ಮಾತಾಡೋ ಹಕ್ಕಿಲ್ಲ" ಎನ್ನಲು ಯಾರಿಂದಲೂ ಆಗುವುದಿಲ್ಲ. ಅದೇ ಊರು ಪಟ್ಟಣ ಪಂಚಾಯಿತಿ ಆದ ಮರುದಿನ ಹಾಗೆ ಹೇಳಬಹುದು. ಅಜ್ಜಿ ಅದೇ ಮನೆಯಲ್ಲಿದ್ದಾಳೆ, ನಲ್ಲಿಯೂ ಅದೇ. ಕಂದಾಯ ಮಾತ್ರ ಏರಿದೆ.

ಇದು ಹೀಗೇಕೆ ಆಯಿತು? 1992ರಲ್ಲಿ ಸಂವಿಧಾನಕ್ಕೆ ಎರಡು ತಿದ್ದುಪಡಿ ಒಟ್ಟಿಗೆ ಬಂದವು. 73ನೆಯದು ಹಳ್ಳಿಗೆ, 74ನೆಯದು ಪಟ್ಟಣಕ್ಕೆ. ಹಳ್ಳಿಗೆ ಬಂದ ತಿದ್ದುಪಡಿ ಗ್ರಾಮಸಭೆಯನ್ನು ತಂದಿತು. ಪಟ್ಟಣದವರಿಗೆ ಅಂಥದ್ದು ಸಿಗಲಿಲ್ಲ. ಸಿಕ್ಕಿದ್ದು ವಾರ್ಡ್ ಸಮಿತಿ, ಅಂದರೆ ಮತದಾರರೆಲ್ಲರ ಸಭೆಯಲ್ಲ, ಕೆಲವರ ಸಮಿತಿ. ಅದೂ 243ಎಸ್ ವಿಧಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರಿಗೆ ಮಾತ್ರ ಕಡ್ಡಾಯ. ಕರ್ನಾಟಕದಲ್ಲಿ ಅಷ್ಟು ದೊಡ್ಡ ಊರುಗಳು ಎಷ್ಟಿವೆ? ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ, ದಾವಣಗೆರೆ, ಬಳ್ಳಾರಿ ಎಂದು ಎಣಿಸುತ್ತಾ ಹೋದರೆ ಬೇಗ ಮುಗಿದುಹೋಗುತ್ತದೆ. ಶಿರಸಿ, ಗೋಕಾಕ, ಚಿಂತಾಮಣಿ, ಅರಸೀಕೆರೆಯಂಥ ಊರಿನವರು ಏನು ಮಾಡಬೇಕು?

ಕೇರಳದ ಉದಾಹರಣೆ ಪಕ್ಕದಲ್ಲೇ ಇದೆ. ಅಲ್ಲಿನ ಸಣ್ಣ ಮುನಿಸಿಪಾಲಿಟಿಗಳಲ್ಲೂ ವಾರ್ಡ್ ಸಭೆ ಇದೆ. ವಾರ್ಡಿನ ಮತದಾರರೆಲ್ಲ ಅದರ ಸದಸ್ಯರು.

ಈಗ ನಮ್ಮ ಕಡೆಯ ಪುರಸಭೆ ಸಭೆ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಬಹಳ ಜನ ಒಮ್ಮೆಯೂ ನೋಡಿರುವುದಿಲ್ಲ. ಎದುರಿಗೆ ಅಧ್ಯಕ್ಷರು, ಉಪಾಧ್ಯಕ್ಷರು, ಮುಖ್ಯಾಧಿಕಾರಿ. ಎರಡೂ ಬದಿಗೆ ಸದಸ್ಯರು. ಹಿಂದೆ ನಾಲ್ಕೈದು ಪ್ಲಾಸ್ಟಿಕ್ ಕುರ್ಚಿ. ಅಲ್ಲಿ ಪತ್ರಿಕೆಯವರು, ಒಬ್ಬಿಬ್ಬರು ಗುತ್ತಿಗೆದಾರರು ಮತ್ತು ನನ್ನಂಥವರು. ಸದಸ್ಯರ ಕೈಯಲ್ಲಿ ಅಜೆಂಡಾ ಇರುತ್ತದೆ. ನಮ್ಮ ಕೈಯಲ್ಲಿ ಇರುವುದಿಲ್ಲ. ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುತ್ತಾರೆ, ಜಮಾ ಖರ್ಚು ಒಪ್ಪುತ್ತಾರೆ. ಜಗಳ ಇದ್ದರೆ ಅದು ಮೊದಲ ಒಂದು ಗಂಟೆಯಲ್ಲೇ ಆಗುತ್ತದೆ, ಬಹುತೇಕ ಬಿಲ್ಲು, ಟೆಂಡರ್, ಖಾತೆ ವಿಷಯಕ್ಕೆ. ಊಟದ ಹೊತ್ತು ಹತ್ತಿರ ಬಂದಾಗ ಉಳಿದ ವಿಷಯಗಳು ಓಡತೊಡಗುತ್ತವೆ. ಮ್ಯಾನೇಜರ್ ಓದುತ್ತಾರೆ, "ವಿಷಯ ಸಂಖ್ಯೆ 14." ಯಾರೋ "ಒಪ್ಪಿಗೆ" ಎನ್ನುತ್ತಾರೆ. "15." "ಒಪ್ಪಿಗೆ."

ಒಂದು ಸಲ ಹೀಗೇ ಓಡಿದ ವಿಷಯಗಳಲ್ಲಿ ವಾರದ ಸಂತೆಯದೂ ಒಂದಿತ್ತು. ಬಸ್ ನಿಲ್ದಾಣದ ಹಿಂದಿನ ಮೈದಾನದಲ್ಲಿ ನಡೆಯುತ್ತಿದ್ದ ಸಂತೆಯನ್ನು ಊರಾಚೆಯ ಜಾಗಕ್ಕೆ ಸಾಗಿಸುವ ಪ್ರಸ್ತಾವ. ಸೊಪ್ಪು, ತರಕಾರಿ ಮಾರುವ ಇಬ್ಬರು ಹೆಂಗಸರು ಹೇಗೋ ವಿಷಯ ತಿಳಿದು ಬಂದಿದ್ದರು. ನನ್ನ ಪಕ್ಕದಲ್ಲೇ ಕೂತಿದ್ದರು. ಒಬ್ಬಾಕೆ ಕೈಯಲ್ಲಿ ಅರ್ಜಿ ಮಡಿಸಿ ಹಿಡಿದಿದ್ದಳು. ಬೆವರಿಗೆ ಹಾಳೆಯ ಅಂಚು ಮೆತ್ತಗಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು, "ಅಣ್ಣಾ, ನಮ್ದು ಯಾವಾಗ ಬರುತ್ತೆ?"

ಅದು ಬಂದು ಹೋಗಿ ಹತ್ತು ನಿಮಿಷವಾಗಿತ್ತು. ಸರ್ವಾನುಮತ.

ಅವರಿಗೆ ಎರಡು ನಿಮಿಷ ಕೊಟ್ಟಿದ್ದರೆ ಏನು ಹೇಳುತ್ತಿದ್ದರು? ಹೊರಗೆ ಬಂದ ಮೇಲೆ ನನಗೆ ಹೇಳಿದರು. ಹೊಸ ಜಾಗದಲ್ಲಿ ನೀರಿಲ್ಲ, ಶೌಚಾಲಯ ಇಲ್ಲ. ಸಂಜೆ ಹೊತ್ತು ಆ ಕಡೆಗೆ ಬಸ್ ಇಲ್ಲ. ಬುಟ್ಟಿ ಸಾಗಿಸಲು ಆಟೋಗೆ ಕೊಟ್ಟರೆ ಲಾಭ ಅಲ್ಲೇ ಮುಗಿಯುತ್ತದೆ. ಬಸ್ ಇಳಿದು ಮನೆಗೆ ಹೋಗುವವರೇ ಅವರ ಗಿರಾಕಿಗಳು. ಅವರು ಊರಾಚೆಗೆ ಯಾಕೆ ಬರುತ್ತಾರೆ? ಇದರಲ್ಲಿ ಒಂದು ಮಾತೂ ಆ ಸಭೆಯಲ್ಲಿ ಯಾವ ಸದಸ್ಯರ ಬಾಯಿಂದಲೂ ಬರಲಿಲ್ಲ. ಅವರು ಕೆಟ್ಟವರೆಂದಲ್ಲ. ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಗೊತ್ತಿದ್ದವರು ಆರು ಅಡಿ ಹಿಂದೆ ಕೂತಿದ್ದರು. ಸಂತೆ ಊರಾಚೆ ಹೋಯಿತು. ಕೆಲವೇ ವಾರಗಳಲ್ಲಿ ಅರ್ಧ ವ್ಯಾಪಾರಿಗಳು ವಾಪಸ್ ಬಂದು ಬಸ್ ನಿಲ್ದಾಣದ ರಸ್ತೆ ಬದಿಯಲ್ಲಿ ಕೂತರು. ಆಮೇಲೆ ತೆರವು, ದಂಡ, ಅಳು. ಎರಡು ನಿಮಿಷ ಉಳಿಸಲು ಹೋಗಿ ಊರು ತೆತ್ತ ಬೆಲೆ ಇದು.

ಜನರಿಗೆ ಮೈಕ್ ಕೊಟ್ಟರೆ ಗದ್ದಲವಾಗುತ್ತದೆ ಎನ್ನುತ್ತಾರೆ. ಕೊಟ್ಟ ಕಡೆ ಏನಾಗಿದೆ ನೋಡೋಣ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬ್ರೌನ್ ಆಕ್ಟ್ ಎಂಬ ಕಾನೂನು ಇದೆ, ಮೊದಲು ಬಂದಿದ್ದು 1953ರಲ್ಲಿ. ಅಲ್ಲಿನ ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥ ಸಂಸ್ಥೆಗಳ ಸಭೆ ಜನರಿಗೆ ತೆರೆದಿರಬೇಕು ಎನ್ನುವ ಕಾನೂನು ಅದು. ಈಗ ಅದರ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾವನ್ನು 72 ಗಂಟೆ ಮೊದಲೇ ಎಲ್ಲರಿಗೂ ಕಾಣುವಂತೆ ಹಾಕಬೇಕು. ಅಜೆಂಡಾದ ಯಾವುದೇ ವಿಷಯದ ಮೇಲೆ ಕೌನ್ಸಿಲ್ ತೀರ್ಮಾನ ಮಾಡುವ ಮೊದಲು ಜನ ಮಾತಾಡಬಹುದು. ಒಬ್ಬರಿಗೆ ಎರಡೋ ಮೂರೋ ನಿಮಿಷ. ಟೈಮರ್ ಇರುತ್ತದೆ. ಕೆಂಪು ದೀಪ ಹತ್ತಿದರೆ ಮಾತು ಮುಗಿಸಿ ಕೂರಬೇಕು. ಮಾತಾಡಲು ಅಲ್ಲಿನ ಪೌರತ್ವ ಬೇಕಿಲ್ಲ. ಫ್ರೀಮಾಂಟ್, ಸನಿವೇಲ್, ಕ್ಯುಪರ್ಟಿನೋದಲ್ಲಿ ನಮ್ಮ ಕನ್ನಡದವರು ಎಷ್ಟೋ ಜನ ವೀಸಾ ಮೇಲೆ ಇದ್ದಾರೆ. ಅಲ್ಲಿ ಅವರಿಗೆ ಓಟಿಲ್ಲ, ಆದರೆ ತಮ್ಮ ಮಕ್ಕಳ ಶಾಲೆಯ ಮುಂದಿನ ಕ್ರಾಸಿಂಗ್ ಬಗ್ಗೆ ಕೌನ್ಸಿಲ್ ಎದುರು ನಿಂತು ಮಾತಾಡಬಹುದು. ಅದೇ ವ್ಯಕ್ತಿ ರಜೆಗೆ ತನ್ನ ಊರಿಗೆ ಬಂದರೆ, ಓಟಿದ್ದರೂ, ತಾತನ ಕಾಲದಿಂದ ಕಂದಾಯ ಕಟ್ಟುತ್ತಿದ್ದರೂ, ಪುರಸಭೆಯಲ್ಲಿ ಬಾಯಿ ಮುಚ್ಚಿ ಕೂರಬೇಕು.

ಇನ್ನೊಂದು ಉದಾಹರಣೆ ನಮಗೆ ತೀರಾ ಹತ್ತಿರದ್ದು. 2023ರ ಫೆಬ್ರುವರಿ 21ರಂದು ಸಿಯಾಟಲ್ ನಗರದ ಕೌನ್ಸಿಲ್ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಪ್ರಸ್ತಾವ ತಂದವರು ಸದಸ್ಯೆ ಕ್ಷಮಾ ಸಾವಂತ್. ಮತಕ್ಕೆ ಹಾಕುವ ಮೊದಲು ಭಾರತ ಮೂಲದವರು ಸರದಿಯಲ್ಲಿ ನಿಂತು ಮಾತಾಡಿದರು. ಜಾತಿಯಿಂದ ನೊಂದವರೂ ಮಾತಾಡಿದರು, ಈ ಕಾನೂನು ನಮ್ಮನ್ನೆಲ್ಲ ಅನುಮಾನದಿಂದ ನೋಡುವಂತೆ ಮಾಡುತ್ತದೆ ಎಂದವರೂ ಮಾತಾಡಿದರು. ಕೊನೆಗೆ 6–1ರಲ್ಲಿ ಅಂಗೀಕಾರವಾಯಿತು. ಎದೆಯಲ್ಲಿ ಕುದಿಯುವ ವಿಷಯವನ್ನೇ ಎರಡೂ ಕಡೆಯವರು ಒಂದೇ ಸಭಾಂಗಣದಲ್ಲಿ ಹೇಳಿದರು. ಸಂತೆ ಜಾಗದ ವಿಷಯ ನಮ್ಮವರು ಹೇಳಲಾರರೇ?

ಮಾತಾಡಲು ಜಾಗ ಇಲ್ಲದಿದ್ದರೆ ಜನ ಬೀದಿಗೆ ಬರುತ್ತಾರೆ. ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ನೆನಪಿದೆ ಅಲ್ವಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ, 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ. ಅದು ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಯೋಜನೆ. ಎಲ್ಲ ತೀರ್ಮಾನ ಆದ ಮೇಲೆ ಜನರಿಗೆ ಗೊತ್ತಾಯಿತು. 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ "ಬೇಡ" ಎಂಬ ಫಲಕ ಹಿಡಿದು ರಸ್ತೆಯುದ್ದ ಮಾನವ ಸರಪಳಿ ಮಾಡಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ರಾಜಧಾನಿಯ ಜನ ಹಾಗೆ ನಿಂತರೆ ಟಿವಿಯವರು ಬರುತ್ತಾರೆ. ತಾಲ್ಲೂಕು ಕೇಂದ್ರದಲ್ಲಿ ಇಬ್ಬರು ಸೊಪ್ಪಿನವರು ನಿಂತರೆ ಯಾರು ಬರುತ್ತಾರೆ?

ನಮ್ಮಲ್ಲೂ ಒಂದು ಬಾಗಿಲು ಸ್ವಲ್ಪ ತೆರೆದಿದೆ. ಬಜೆಟ್‌ಗೆ ಮೊದಲು ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುವ ರೂಢಿ ಹಲವು ಊರುಗಳಲ್ಲಿದೆ. ಅಲ್ಲಿ ಜನ ಮಾತಾಡುತ್ತಾರೆ, ಅಧ್ಯಕ್ಷರು ಕೇಳುತ್ತಾರೆ, ಯಾರ ತಲೆಯೂ ಒಡೆಯುವುದಿಲ್ಲ. ಆದರೆ ಅದು ವರ್ಷಕ್ಕೆ ಒಂದೆರಡು ಸಲ. ಹೇಳಿದ್ದು ಎಲ್ಲಿ ಹೋಯಿತು ಎಂದು ತಿಳಿಯುವ ದಾರಿಯೂ ಇಲ್ಲ. ತೀರ್ಮಾನ ಆಗುವ ದಿನ, ಆಗುವ ಜಾಗದಲ್ಲಿ ಮಾತಾಡಲು ಬಿಡಿ ಎನ್ನುವುದೇ ನಮ್ಮ ಬೇಡಿಕೆ.

ನಾನು ಕೇಳುವುದು ಜಾಸ್ತಿ ಏನಲ್ಲ. ಅಜೆಂಡಾ ಮೂರು ದಿನ ಮೊದಲೇ ಕಚೇರಿಯ ನೋಟಿಸ್ ಬೋರ್ಡಿಗೂ, ಊರಿನ ವಾಟ್ಸಾಪ್ ಗುಂಪುಗಳಿಗೂ ಬರಲಿ, ಕನ್ನಡದಲ್ಲಿ, ಎಲ್ಲರಿಗೂ ಅರ್ಥವಾಗುವ ಹಾಗೆ. "ಕಡತ ಸಂಖ್ಯೆ ಇಂತಿಷ್ಟರ ಬಗ್ಗೆ" ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಸಭೆ ಶುರುವಾಗುವಾಗ ಅರ್ಧ ಗಂಟೆ ಜನರದು. ಒಬ್ಬರಿಗೆ ಎರಡು ನಿಮಿಷ, ಅಂದಿನ ವಿಷಯದ ಮೇಲಷ್ಟೇ. ಬೈಗುಳ ಬಂದರೆ ಅಧ್ಯಕ್ಷರು ಮೈಕ್ ನಿಲ್ಲಿಸಲಿ. ಮತ ಹಾಕುವವರು ಸದಸ್ಯರೇ, ಅದರಲ್ಲಿ ಯಾವ ಬದಲಾವಣೆಯೂ ಬೇಡ. ಯಾರು ಏನು ಹೇಳಿದರು, ಅದನ್ನು ಯಾಕೆ ಒಪ್ಪಿದರು ಅಥವಾ ಒಪ್ಪಲಿಲ್ಲ ಎಂದು ನಡಾವಳಿಯಲ್ಲಿ ಒಂದು ಸಾಲು ಬರೆಯಲಿ. ಸಂತೆ ಸಾಗಿಸಿದ ಆ ನಡಾವಳಿಯನ್ನು ಆಮೇಲೆ ಅರ್ಜಿ ಹಾಕಿ ತರಿಸಿಕೊಂಡು ಓದಿದೆ. "ಚರ್ಚಿಸಿ, ಸರ್ವಾನುಮತದಿಂದ ಅಂಗೀಕರಿಸಲಾಯಿತು" ಎಂದಿತ್ತು. ಚರ್ಚೆ ಆಗಿರಲಿಲ್ಲ. ಚರ್ಚಿಸಲು ಬಂದವರು ಇಬ್ಬರಿದ್ದರು.

ವಿರೋಧ: ಮೈಕ್ ಸಿಗುವುದು ಅದರ ಹತ್ತಿರ ಇರುವವರಿಗೆ

ಸಂತೆಯ ಹೆಂಗಸರ ವಿಷಯ ಓದಿ ಬೇಸರವಾಯಿತು. ಅಂಥ ಸಭೆಗಳಲ್ಲಿ ನಾನೂ ಕೂತಿದ್ದೇನೆ, ಸದಸ್ಯರ ಕುರ್ಚಿಯಲ್ಲಿ. ವಿಷಯಗಳು ಹಾಗೆ ಓಡುವುದು ನಿಜ. ಅದು ತಪ್ಪು. ಆದರೂ ಪರಿಹಾರ ಮೈಕ್ ಅಲ್ಲ ಎಂದು ನಾನು ಹೇಳುತ್ತಿದ್ದೇನೆ. ಅದೇ ಹೆಂಗಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೇಳುತ್ತಿದ್ದೇನೆ.

ಸಾಮಾನ್ಯ ಸಭೆ ನಡೆಯುವುದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಯಾರು ಬಿಡುವಾಗಿರುತ್ತಾರೆ? ನಿವೃತ್ತರು, ಅಂಗಡಿ ಮಗನಿಗೆ ಬಿಟ್ಟು ಬಂದವರು, ಗುತ್ತಿಗೆದಾರರು, ಕಳೆದ ಚುನಾವಣೆಯಲ್ಲಿ ಸೋತವರು, ಸಂಘದ ಲೆಟರ್‌ಹೆಡ್ ಇರುವವರು. ನನ್ನ ವಾರ್ಡಿನ ಹೆಂಗಸರು ಏಳು ಗಂಟೆಗೇ ಗಾರ್ಮೆಂಟ್ಸ್ ಬಸ್ ಹತ್ತಿರುತ್ತಾರೆ. ಗಂಡಸರು ಗಾರೆ ಕೆಲಸಕ್ಕೆ ಹೋಗಿರುತ್ತಾರೆ. ಒಂದು ದಿನ ಸಭೆಗೆ ಬಂದರೆ ಅಂದಿನ ಕೂಲಿ ಇಲ್ಲ. ಸೊಪ್ಪಿನವರು ಅಂದು ಹೇಗೋ ಬಂದರು. ಮುಂದಿನ ತಿಂಗಳು ಬರುತ್ತಾರೆಯೇ? ಮಳಿಗೆ ಹರಾಜಿನಲ್ಲಿ ಲಾಭ ಇರುವವನು ಪ್ರತಿ ತಿಂಗಳೂ ಬರುತ್ತಾನೆ.

ಇದು ನನ್ನೊಬ್ಬಳ ಅನುಮಾನವಲ್ಲ. ಮೈಕ್ ಕೊಟ್ಟು ಎಷ್ಟೋ ಕಾಲವಾದ ಅಮೆರಿಕದಲ್ಲೇ ಇದನ್ನು ಅಳೆದು ನೋಡಿದ್ದಾರೆ. ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಮ್ಯಾಸಚೂಸೆಟ್ಸ್ ರಾಜ್ಯದ 97 ಊರುಗಳ ಯೋಜನಾ ಸಭೆಗಳ ನಡಾವಳಿ ತೆಗೆದು, ಮಾತಾಡಿದವರ ವಿವರವನ್ನು ಮತದಾರರ ಪಟ್ಟಿಗೆ ಹೋಲಿಸಿದರು. ಎದ್ದು ಮಾತಾಡಿದವರಲ್ಲಿ ವಯಸ್ಸಾದವರು, ಗಂಡಸರು, ಸ್ವಂತ ಮನೆ ಇರುವವರು, ಊರಲ್ಲಿ ಬಹಳ ವರ್ಷದಿಂದ ಇರುವವರು ಊರಿನ ಸರಾಸರಿಗಿಂತ ಜಾಸ್ತಿ. ಹೊಸ ಮನೆ ಕಟ್ಟುವ ಯೋಜನೆ ಬಂದಾಗ ಮಾತಾಡಿದವರಲ್ಲಿ ಶೇ 60ಕ್ಕೂ ಹೆಚ್ಚು ಜನ ವಿರೋಧಿಸಿದರು. ಬೆಂಬಲಿಸಿದವರು ಶೇ 15ರ ಆಸುಪಾಸು. ಆ ಮನೆಗಳಿಗೆ ಬಾಡಿಗೆಗೆ ಬರಬೇಕಿದ್ದವರು ಸಭೆಯಲ್ಲಿ ಇರಲೇ ಇಲ್ಲ. ಅವರು ಇನ್ನೂ ಆ ಊರಿಗೆ ಬಂದಿರಲೇ ಇಲ್ಲ.

ನಮ್ಮ ಪುರಸಭೆಯಲ್ಲಿ ಇದೇ ಆಯಿತು, ನೀರಿನ ವಿಷಯಕ್ಕೆ. ಹೊಸ ಓವರ್‌ಹೆಡ್ ಟ್ಯಾಂಕ್ ಮಂಜೂರಾಗಿತ್ತು. ಮೊದಲ ಹಂತದ ಪೈಪ್‌ಲೈನ್ ಯಾವ ಕಡೆಗೆ ಎಂಬ ಪ್ರಶ್ನೆ. ನನ್ನ ವಾರ್ಡಿನ ಕಾಲೋನಿಗೆ ವಾರಕ್ಕೊಮ್ಮೆ ನೀರು. ಊರಿನ ಇನ್ನೊಂದು ತುದಿಯ ಲೇಔಟಿಗೆ ದಿನ ಬಿಟ್ಟು ದಿನ. ಬಜೆಟ್ ಪೂರ್ವಭಾವಿ ಸಭೆಗೆ ಲೇಔಟಿನವರು ಒಟ್ಟಾಗಿ ಬಂದರು. ಟೈಪ್ ಮಾಡಿಸಿದ ಮನವಿ, ಬಣ್ಣದ ಫೋಟೋ, ಸರ್ಕಾರಿ ಆದೇಶದ ಪ್ರತಿ, ಎಲ್ಲ ಇತ್ತು. ಒಬ್ಬರಾದ ಮೇಲೆ ಒಬ್ಬರು ಚೆನ್ನಾಗಿ ಮಾತಾಡಿದರು. ಅವರ ಕಷ್ಟವೂ ಸುಳ್ಳಲ್ಲ. ನನ್ನ ಕಾಲೋನಿಯಿಂದ ಯಾರೂ ಬಂದಿರಲಿಲ್ಲ. ನಾನು ಎದ್ದು ನಮ್ಮ ಜನರ ಪರವಾಗಿ ಕೇಳಿದಾಗ ಸಿಕ್ಕ ಉತ್ತರ, "ನೋಡಿ ಮೇಡಂ, ಇಲ್ಲಿ ಜನರೇ ಬಂದು ಕೇಳ್ತಿದ್ದಾರೆ."

ಅಂದರೆ ಸಭಾಂಗಣದಲ್ಲಿ ಇದ್ದವರು ಮಾತ್ರ ಜನ. ಬಾರದವರು ಜನರಲ್ಲ. ಅವರ ಓಟಿನಿಂದ ಗೆದ್ದ ನಾನು ಅಲ್ಲಿ ಅಡ್ಡಿ ಮಾಡುವವಳು.

ನಾನು ಅಧ್ಯಕ್ಷರನ್ನೂ ಇಂಜಿನಿಯರನ್ನೂ ಕಾಲೋನಿಗೆ ಕರೆದುಕೊಂಡು ಹೋದೆ, ನೀರು ಬಿಡುವ ದಿನ, ಬೆಳಗಿನ ಜಾವ ಐದಕ್ಕೆ. ಒಂದೇ ನಲ್ಲಿ, ಗಲ್ಲಿಯ ಕೊನೆವರೆಗೆ ಕೊಡ. ಬಸುರಿ ಹೆಂಗಸೊಬ್ಬಳು ಕೊಡ ಇಟ್ಟು ಗೋಡೆಗೆ ಒರಗಿ ನಿಂತಿದ್ದಳು. ಇಂಜಿನಿಯರ್ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಿದರು. ಅದು ತುಂಬುವ ಹೊತ್ತಿಗೆ ಅವರಿಗೆ ಎಲ್ಲ ಅರ್ಥವಾಗಿತ್ತು. ಯಾರೂ ಭಾಷಣ ಮಾಡಲಿಲ್ಲ. ಮೊದಲ ಹಂತದ ಪೈಪ್ ಕಾಲೋನಿಗೆ ಬಂತು. ಪ್ರತಿ ತಿಂಗಳ ಸಭೆಯಲ್ಲಿ ಅರ್ಧ ಗಂಟೆ ಮೈಕ್ ಇದ್ದಿದ್ದರೆ ಅದು ಬರುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಲೇಔಟಿನವರು ತಿಂಗಳು ತಿಂಗಳೂ ಬಂದು ಕೇಳುತ್ತಿದ್ದರು, ಸದಸ್ಯರೆಲ್ಲ ಅವರ ಮುಖ ನೋಡಿ ಮತ ಹಾಕುತ್ತಿದ್ದರು.

ಇನ್ನೊಂದು ಮಾತು, ಇದು ಹೆಂಗಸರದು. ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಮೊದಲ ಸಲ ಗೆದ್ದು ಬಂದ ಸದಸ್ಯೆ ಎದ್ದು ಒಂದು ಪ್ರಶ್ನೆ ಕೇಳುವಷ್ಟು ಧೈರ್ಯ ತಂದುಕೊಳ್ಳಲು ವರ್ಷ ಬೇಕಾಗುತ್ತದೆ. ಅಧಿಕಾರಿಗಳು ಆಕೆಯ ಬದಲು ಆಕೆಯ ಗಂಡನಿಗೆ ಫೋನ್ ಮಾಡುತ್ತಾರೆ. ಹಿರಿಯ ಸದಸ್ಯರು ಮಧ್ಯೆ ಬಾಯಿ ಹಾಕುತ್ತಾರೆ. ಪರಿಶಿಷ್ಟ ಜಾತಿಯ ವಾರ್ಡಿನಿಂದ ಬಂದಿದ್ದರೆ ಇನ್ನೂ ಕಷ್ಟ. ಈಗ ಹಿಂದಿನ ಸಾಲಿನಲ್ಲಿ ಕೂತ ಗಂಡಸರಿಗೂ ಮೈಕ್ ಕೊಡಿ. "ನಿಮ್ಮ ವಾರ್ಡಲ್ಲಿ ಏನು ಕೆಲಸ ಮಾಡಿದ್ದೀರಿ?" ಎಂದು ತಿಂಗಳಿಗೊಮ್ಮೆ, ಪತ್ರಿಕೆಯವರ ಮುಂದೆ, ಮೊಬೈಲ್ ಕ್ಯಾಮೆರಾ ಹಿಡಿದು ಕೇಳುತ್ತಾರೆ. ಆ ಪ್ರಶ್ನೆ ಯಾರನ್ನು ಹೆಚ್ಚು ಕೇಳುತ್ತಾರೆ, ಯಾರನ್ನು ಕೇಳುವುದೇ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಟೈಮರ್ ಇಟ್ಟರೆ ಮಾತು ನಿಲ್ಲುತ್ತದೆ, ಬೆದರಿಕೆ ನಿಲ್ಲುವುದಿಲ್ಲ.

ಕ್ಯಾಲಿಫೋರ್ನಿಯಾ ಚಿತ್ರವನ್ನೂ ಪೂರ್ತಿ ನೋಡಬೇಕು. ಅಜೆಂಡಾದಲ್ಲಿ ಇಲ್ಲದ ವಿಷಯವನ್ನು ಜನ ಎತ್ತಿದರೆ, ಚುಟುಕು ಉತ್ತರ ಬಿಟ್ಟರೆ, ಕೌನ್ಸಿಲ್ ಅದನ್ನು ಚರ್ಚಿಸುವಂತಿಲ್ಲ, ತೀರ್ಮಾನ ಮಾಡುವಂತೆಯೂ ಇಲ್ಲ. ಇದೂ ಅದೇ ಬ್ರೌನ್ ಆಕ್ಟ್‌ನಲ್ಲಿದೆ. ಅಂದರೆ ಮನೆಯ ಮುಂದೆ ಚರಂಡಿ ಉಕ್ಕುತ್ತಿದೆ ಎಂದು ಒಬ್ಬ ಅಳುತ್ತಾ ಹೇಳಿದರೂ "ಧನ್ಯವಾದ, ಮುಂದಿನವರು" ಎನ್ನಬೇಕಾಗುತ್ತದೆ. ಆಡಳಿತ ನಡೆಸುವವರು ಜನರ ಮಾತನ್ನು ಕೇಳಲೇಬೇಕು ಎಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿದೆ. ಕೊರೋನಾ ಕಾಲದಲ್ಲಿ ಫೋನ್, ವಿಡಿಯೋ ಮೂಲಕ ಮಾತಾಡಲು ಬಿಟ್ಟರು. ಒಳ್ಳೆಯ ಕೆಲಸ, ಮನೆ ಬಿಟ್ಟು ಬರಲಾಗದವರಿಗೆ ಅನುಕೂಲವಾಯಿತು. ಆದರೆ ದ್ವೇಷ ಕಾರುವವರೂ ಅದೇ ದಾರಿಯಲ್ಲಿ ನುಗ್ಗಿದರು. 2023ರಲ್ಲಿ ಹಲವು ನಗರಗಳು ಆ ಬಾಗಿಲು ಮುಚ್ಚಿದವು. ಸ್ಯಾನ್ ಫ್ರಾನ್ಸಿಸ್ಕೋ ಅದರಲ್ಲಿ ಒಂದು. ಸಿಯಾಟಲ್‌ನಲ್ಲಿ ಎರಡೂ ಕಡೆಯವರು ಮಾತಾಡಿದ್ದು ದೊಡ್ಡ ವಿಷಯವೇ. ಆದರೆ ಅಂಥ ದಿನ ಅಪರೂಪ. ನಮ್ಮಲ್ಲಿ ನಡೆಯಬೇಕಾದದ್ದು ಪ್ರತಿ ತಿಂಗಳ ನೀರು, ಕಸ, ಖಾತೆ.

ಜನರಿಂದ ಆರಿಸಿ ಬಂದವರನ್ನೇ ಸರಿಯಾಗಿ ಕೆಲಸ ಮಾಡಲು ಬಿಡದ ರಾಜ್ಯ ನಮ್ಮದು ಎಂಬುದನ್ನೂ ಮರೆಯಬಾರದು. 2018ರಲ್ಲಿ ಗೆದ್ದ ಎಷ್ಟೋ ಪುರಸಭೆ, ನಗರಸಭೆ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರ ಕೊನೆವರೆಗೆ ಅಧಿಕಾರ ಇಲ್ಲದೆ ಸುಮ್ನೆ ಕೂತಿದ್ದರು. ಅಲ್ಲೆಲ್ಲ ಆಡಳಿತಾಧಿಕಾರಿಯದೇ ಆಡಳಿತ. ಬೆಂಗಳೂರಿನ 198 ಕಾರ್ಪೊರೇಟರ್‌ಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಾಗಲೂ ಚುನಾವಣೆ ನಡೆದಿರಲಿಲ್ಲ. ಐದು ವರ್ಷ ಸಭೆಯೇ ಇರಲಿಲ್ಲ. ಮೈಕ್ ಯಾರ ಮುಂದೆ ಇಡುತ್ತೀರಿ? ಮೊದಲು ಚುನಾವಣೆ ಹೊತ್ತಿಗೆ ಸರಿಯಾಗಿ ಆಗಲಿ ಎಂದು ಇಷ್ಟೇ ಜನ ಇಷ್ಟೇ ಜೋರಾಗಿ ಕೇಳಿದ್ದರೆ ಚೆನ್ನಾಗಿತ್ತು.

ಸದಸ್ಯರು ಜವಾಬ್ದಾರಿಯಿಂದ ಜಾರಿಕೊಳ್ಳುವ ಭಯವೂ ನನಗಿದೆ. ಇಂದು ಸಂತೆ ಸಾಗಿಸಿದ್ದು ತಪ್ಪಾದರೆ ಸದಸ್ಯರನ್ನೆಲ್ಲ ಹೆಸರು ಹಿಡಿದು ಕೇಳಬಹುದು. ಮೈಕ್ ಬಂದ ಮೇಲೆ "ಸಭೆಯಲ್ಲಿ ಜನರೇ ಒಪ್ಪಿದ್ದರು" ಎನ್ನುತ್ತಾರೆ. ನಾಲ್ಕು ಜನರನ್ನು ಹೇಳಿಕೊಟ್ಟು ಕರೆತರುವುದು ಎಷ್ಟು ಹೊತ್ತಿನ ಕೆಲಸ?

ಅಜೆಂಡಾ ಮೊದಲೇ ಹೊರಗೆ ಹಾಕಬೇಕು ಎಂಬುದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಡಾವಳಿ ಸುಳ್ಳು ಹೇಳಬಾರದು ಎಂಬುದನ್ನೂ ಒಪ್ಪುತ್ತೇನೆ. ಸಭೆಯ ವಿಡಿಯೋ ಮಾಡಿ ಊರಿಗೆಲ್ಲ ತೋರಿಸಲಿ. ಬರವಣಿಗೆಯಲ್ಲಿ ಬಂದ ಪ್ರಶ್ನೆಗೆ ಬರವಣಿಗೆಯಲ್ಲೇ, ಇಷ್ಟು ದಿನದೊಳಗೆ ಉತ್ತರ ಕೊಡಬೇಕು ಎಂಬ ನಿಯಮ ಬರಲಿ. ಬರೆಯಲು ಬಾರದವರ ಪ್ರಶ್ನೆಯನ್ನು ಬಿಲ್ ಕಲೆಕ್ಟರ್ ಮನೆ ಬಾಗಿಲಲ್ಲೇ ಬರೆದುಕೊಳ್ಳಲಿ, ಹೇಗೂ ಕಂದಾಯಕ್ಕೆ ಬರುತ್ತಾರಲ್ಲ.

ಪರವಾಗಿ ಬರೆದವರು ಕೇರಳದ ವಾರ್ಡ್ ಸಭೆಯ ಹೆಸರು ಹೇಳಿದ್ದಾರೆ. ನಾನು ಕೇಳುವುದೂ ಅದನ್ನೇ. ಅಲ್ಲಿ ಜನ ಕೌನ್ಸಿಲ್ ಹಾಲಿಗೆ ಹೋಗುವುದಿಲ್ಲ, ಸಭೆ ಅವರ ವಾರ್ಡಿಗೆ ಬರುತ್ತದೆ. ನಮ್ಮ ಪ್ರತಿ ಪುರಸಭೆಯಲ್ಲೂ ಮೂರು ತಿಂಗಳಿಗೊಮ್ಮೆ ವಾರ್ಡ್ ಸಭೆ ಕಡ್ಡಾಯವಾಗಲಿ. ಸಂಜೆ ಏಳು ಗಂಟೆಗೆ, ಗಾರ್ಮೆಂಟ್ಸ್ ಬಸ್ ವಾಪಸ್ ಬಂದ ಮೇಲೆ, ಕಾಲೋನಿಯ ಸಮುದಾಯ ಭವನದಲ್ಲೋ ಶಾಲೆ ಅಂಗಳದಲ್ಲೋ ನಡೆಯಲಿ. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡೇ ತಾಯಂದಿರು ಮಾತಾಡಲಿ. ಎರಡು ನಿಮಿಷದ ಲೆಕ್ಕ ಬೇಡ. ಸದಸ್ಯರು ಬರಲೇಬೇಕು. ಇಂಜಿನಿಯರ್ ಕಾಮಗಾರಿಯ ಅಳತೆ ಪುಸ್ತಕ ತಂದು ಎಲ್ಲರ ಮುಂದೆ ತೆರೆದಿಡಬೇಕು. ಈ ಗಲ್ಲಿಯಲ್ಲಿ ಎಷ್ಟು ಮೀಟರ್ ಚರಂಡಿ ಬರೆದಿದ್ದಾರೆ, ಎಷ್ಟು ಕಟ್ಟಿದ್ದಾರೆ ಎಂದು ಟಾರ್ಚ್ ಹಿಡಿದು ನಡೆದು ನೋಡಬೇಕು. ಆ ವಾರ್ಡ್ ಸಭೆ ಒಪ್ಪದೆ ಆ ವಾರ್ಡಿನ ಬಿಲ್ ಪಾಸಾಗಬಾರದು.